ಅಪ್‌ಡೇಟ್: ತಮ್ಮನ ಬೈಕ್ ಅಪಘಾತದ ಕ್ಲೇಮ್ ತೀರ್ಮಾನ ಆಯ್ತು

ಮರೆತವರಿಗೆ: ಇಂಡಿಕೇಟರ್ ಹಾಕದೆ ತಿರುಗಿದ ಕಾರು ಗುದ್ದಿ ತಮ್ಮನ ಕಾಲು ಮುರಿದಿತ್ತು. ಬೈಕಲ್ಲಿ ಮೂವರಿದ್ದರು. ಹಾಗಾಗಿ ಅರ್ಧ ತಪ್ಪು ಇವನದೇ ಅಂತ ಇನ್ಶೂರೆನ್ಸ್ ಕಂಪನಿಯ ವಾದ. ಏನು ಮಾಡೋದು ಅಂತ ಕೇಳಿದ್ದೆ.

ನೀವು ಹೇಳಿದ 2020ರ ಸುಪ್ರೀಂ ಕೋರ್ಟ್ ತೀರ್ಪು ಕೈ ಹಿಡಿಯಿತು. ಅಲ್ಲೂ ಬೈಕಲ್ಲಿ ಮೂವರಿದ್ದರು ಅಂತ ಹೈಕೋರ್ಟ್ 10% ಕಡಿತ ಮಾಡಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮೂವರು ಕೂರುವುದು ಕಾಯ್ದೆಗೆ ವಿರುದ್ಧ, ನಿಜ. ಆದರೆ ಅದರಿಂದಲೇ ಅಪಘಾತವಾಯಿತು ಅಥವಾ ಪೆಟ್ಟು ಜಾಸ್ತಿಯಾಯಿತು ಅಂತ ತೋರಿಸದೆ ಪರಿಹಾರ ಕತ್ತರಿಸುವ ಹಾಗಿಲ್ಲ.

ಪಾಟೀಸವಾಲಿನಲ್ಲಿ ಎದುರು ವಕೀಲರು ‘ಈ ವಯಸ್ಸಿನ ಹುಡುಗರು ಸ್ಪೀಡಾಗೇ ಓಡಿಸೋದು ಅಲ್ವಾ?’ ಅಂದರು. ನನಗೆ ಮೈಯೆಲ್ಲಾ ಉರಿಯಿತು. ನಮ್ಮ ವಕೀಲರು ಜಗಳಕ್ಕೆ ಹೋಗಲಿಲ್ಲ. ಸ್ಪಾಟ್ ಮಹಜರು, ಸ್ಕೆಚ್, ಕಾರು ಚಾಲಕನ ಮೇಲಿನ ಚಾರ್ಜ್‌ಶೀಟ್ ಮುಂದಿಟ್ಟರು. ಬೈಕ್ ಎಡಬದಿಯಲ್ಲೇ ಇತ್ತು ಅಂತ ಸ್ಕೆಚ್ಚಲ್ಲೇ ಕಾಣುತ್ತಿತ್ತು. ಕಂಪನಿಯವರು ಆ ಚಾಲಕನನ್ನು ಸಾಕ್ಷಿಗೆ ಕರೆಸಲೇ ಇಲ್ಲ!

ಅಪಘಾತ ಪರಿಹಾರದ ಕೇಸು ನೋಡುವ ಟ್ರಿಬ್ಯೂನಲ್ ತಮ್ಮನ ಮೇಲೆ ತಪ್ಪು ಹೊರಿಸಲಿಲ್ಲ. ಮುಂದಿನ ಸಂಪಾದನೆಯ ನಷ್ಟಕ್ಕೆ ಕೊಟ್ಟದ್ದು ನಾವು ಕೇಳಿದ್ದಕ್ಕಿಂತ ಕಡಿಮೆ. ಅದಕ್ಕೆ ಹೈಕೋರ್ಟಿಗೆ ಹೋಗಬೇಕಾ ಅಂತ ಮನೆಯಲ್ಲಿ ಇನ್ನೂ ಚರ್ಚೆ ನಡೆದಿದೆ. ಅಮ್ಮ ಮಾತ್ರ ಸಾಕಪ್ಪಾ ಅನ್ನುತ್ತಿದ್ದಾರೆ.