ಸ್ಟೆಬಿಲೈಸರ್ ಬಾರ್ ಕತ್ತರಿಸುವ ಮೊದಲು ಮುಂದಿನ ತೂತು ಅಳೆದು ನೋಡಿ

ನಿಮ್ಮ ಪ್ರಶ್ನೆ ಓದಿದೆ. ಹಳೇ 35 ಎಚ್‌ಪಿ ಟ್ರ್ಯಾಕ್ಟರ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ. ಕಲ್ಟಿವೇಟರ್ ಕೆಳಗಿದ್ದಾಗ ಏನೂ ತೊಂದರೆ ಇಲ್ಲ. ಲಿಫ್ಟ್ ಅರ್ಧ ಎತ್ತುವಷ್ಟರಲ್ಲಿ ಕಲ್ಟಿವೇಟರ್ ಅತ್ತಿತ್ತ ಓಲಾಡದಂತೆ ಹಿಡಿಯುವ ಎರಡೂ ಸ್ಟೆಬಿಲೈಸರ್ ಬಾರ್ ಬಿಗಿದುಕೊಳ್ಳುತ್ತವೆ, ಎಡಗಡೆಯದು ಆಗಲೇ ಬಾಗಿದೆ. ವೆಲ್ಡಿಂಗ್ ಅಂಗಡಿಯವರು ಒಂದಿಂಚು ಕತ್ತರಿಸಿ ಗಿಡ್ಡ ಮಾಡೋಣ ಅಂದಿದ್ದಾರೆ, ಮಾಡಿಸಲಾ ಬೇಡವಾ ಅಂತ ಕೇಳಿದ್ದೀರಿ.

ದಯವಿಟ್ಟು ಮಾಡಿಸಬೇಡಿ. ನಾವು ಮಾಡಿಸಿ ಅನುಭವಿಸಿದ್ದೇವೆ.

ನಮ್ಮದು ಹಾವೇರಿ ಕಡೆ, ಎರೆ ಹೊಲ. ನಮ್ಮ ಗಾಡಿಗೆ ಮೊದಲು ಚೆಕ್ ಚೈನ್, ಅಂದರೆ ಬಾರಿನ ಬದಲು ಹಾಕುವ ಸರಪಳಿ ಇತ್ತಂತೆ. ಹಿಂದಿನ ಮಾಲೀಕರು ಅದನ್ನು ತೆಗೆದು ಎಲ್ಲಿಂದಲೋ ಹಳೇ ಬಾರು, ಅದರ ಮುಂದಿನ ತುದಿ ಕೂರುವ ಬ್ರಾಕೆಟ್ಟು ತಂದು ಹಾಕಿಸಿದ್ದರು. ನಿಮ್ಮದೇ ಕಥೆ. ಎತ್ತಿದರೆ ಬಿಗಿ, ಆಮೇಲೆ 'ಟಣ್' ಅಂತ ಒಂದು ಶಬ್ದ. ಬಾರ್ ಉದ್ದ ಆಗಿದೆ ಅಂದುಕೊಂಡು ಒಂದಿಂಚು ಕತ್ತರಿಸಿ ಬೆಸುಗೆ ಹಾಕಿಸಿದೆವು. ಎತ್ತುವಾಗ ಸಲೀಸಾಯಿತು, ಸರಿ. ಆದರೆ ಗೋವಿನಜೋಳದ ಬಿತ್ತನೆಗೆ ಹೊಲ ಹದ ಮಾಡುವಾಗ ನೋಡಿದರೆ ಕಲ್ಟಿವೇಟರ್ ಪೂರ್ತಿ ಕೆಳಗೆ ಇಳಿಯುತ್ತಲೇ ಇಲ್ಲ. ಲಿವರ್ ಪೂರಾ ಕೆಳಗಿದೆ, ಕುಳಗಳು ಮಾತ್ರ ಮೇಲೆಮೇಲೆ ಗೀರಿಕೊಂಡು ಬರುತ್ತಿವೆ. ಹೈಡ್ರಾಲಿಕ್ ಹೋಯಿತು ಅಂತ ಎರಡು ದಿನ ತಲೆ ಕೆಡಿಸಿಕೊಂಡೆವು. ಮೂರನೇ ದಿನ ಬ್ರಾಕೆಟ್ಟಿನ ಪಿನ್ ಕಡಿದು ಬಿತ್ತು. ಆಗ ಗೊತ್ತಾಯಿತು, ತಪ್ಪು ಬಾರಿನ ಉದ್ದದಲ್ಲಿ ಇರಲಿಲ್ಲ, ಅದರ ಮುಂದಿನ ತುದಿ ಕೂತ ಜಾಗದಲ್ಲಿತ್ತು.

ಹೇಗೆ ಅಂದರೆ, ಲೋವರ್ ಲಿಂಕ್ (ಕಲ್ಟಿವೇಟರ್ ಸಿಕ್ಕಿಸುವ ಕೆಳಗಿನ ತೋಳು) ತನ್ನ ಮುಂದಿನ ಪಿನ್ ಮೇಲೆ ಬಾಗಿಲಿನ ಹಾಗೆ ತಿರುಗುತ್ತದೆ. ಬಾರ್ ಕೂಡ ಅದೇ ಗೆರೆಯ ಮೇಲೆ ತಿರುಗಬೇಕು. ಒಂದೇ ಬಾಗಿಲಿಗೆ ಎರಡು ಕೀಲು ಇದ್ದ ಹಾಗೆ. ಪಕ್ಕದಿಂದ ಕೂತು ನೋಡಿದರೆ ಲಿಂಕಿನ ಮುಂದಿನ ಪಿನ್ನೂ ಬಾರಿನ ಮುಂದಿನ ತೂತೂ ಒಂದರ ಹಿಂದೆ ಒಂದು ಅಡಗಿರಬೇಕು. ತೂತು ಮೇಲೆ ಇದ್ದರೆ ಎತ್ತುತ್ತಾ ಹೋದಂತೆ ಜಾಗ ಕಡಿಮೆ ಆಗಿ ಬಾರ್ ಒತ್ತಿಕೊಂಡು ಬಾಗುತ್ತದೆ. ಕೆಳಗೆ ಇದ್ದರೆ ಉಲ್ಟಾ, ಎತ್ತಿದಾಗ ಎಳೆದು ಬಿಗಿಯುತ್ತದೆ. ಲೆಕ್ಕ ಹಾಕಿ ನೋಡಿ: ಲಿಂಕ್ 800 ಮಿ.ಮೀ. ಉದ್ದ, ತೂತು 40 ಮಿ.ಮೀ. ಮೇಲೆ ಅಂತ ಇಟ್ಟುಕೊಳ್ಳಿ. ಲಿಂಕ್ 20 ಡಿಗ್ರಿ ಕೆಳಗಿಂದ 20 ಡಿಗ್ರಿ ಮೇಲಕ್ಕೆ ಹೋಗುವಷ್ಟರಲ್ಲಿ ಸುಮಾರು 27 ಮಿ.ಮೀ. ವ್ಯತ್ಯಾಸ ಬರುತ್ತದೆ, ಅಂದರೆ ಒಂದಿಂಚಿಗೂ ಸ್ವಲ್ಪ ಜಾಸ್ತಿ. ಅದೇ ತೂತು ಅಷ್ಟೇ ಹಿಂದಕ್ಕೋ ಮುಂದಕ್ಕೋ ಸರಿದಿದ್ದರೆ ವ್ಯತ್ಯಾಸ ಎರಡು ಮೂರು ಮಿ.ಮೀ. ಅಷ್ಟೇ. ಹಾಗಾಗಿ ಮೊದಲು ಎತ್ತರ ನೋಡಿ.

ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ. ಎರಡೂ ಬಾರ್ ಬಿಚ್ಚಿಬಿಡಿ. ಲಿಫ್ಟ್ ಪೂರ್ತಿ ಇಳಿಸಿ, ಬ್ರಾಕೆಟ್ಟಿನ ತೂತಿನ ನಡುವಿನಿಂದ ಹಿಂದೆ ಬಾರ್ ಸೇರುವ ಪಿನ್ನಿನ ನಡುವಿನವರೆಗೆ ಟೇಪ್ ಹಿಡಿಯಿರಿ. ಪೂರ್ತಿ ಎತ್ತಿ ಮತ್ತೆ ಅಳೆಯಿರಿ. ಎರಡೂ ಒಂದೇ ಬಂದರೆ ಬ್ರಾಕೆಟ್ ಸರಿ ಇದೆ. ಎತ್ತಿದಾಗ ಕಡಿಮೆ ಬಂದರೆ ತೂತು ಮೇಲಿದೆ, ಜಾಸ್ತಿ ಬಂದರೆ ಕೆಳಗಿದೆ. ಎಡ ಬಲ ಎರಡೂ ಬೇರೆ ಬೇರೆ ಅಳೆದು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ, ಇಲ್ಲದಿದ್ದರೆ ಮರೆಯುತ್ತದೆ. ಅಳೆಯುವಾಗ ಕಲ್ಟಿವೇಟರ್ ಬಿಚ್ಚಿಟ್ಟರೆ ಒಳ್ಳೆಯದು. ಅದು ಇದ್ದರೆ ಎತ್ತಿದ ಮೇಲೆ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಎಂಜಿನ್ ಆಫ್ ಮಾಡಿ ಕೀ ತೆಗೆದು ಆಮೇಲೆ ಕೈ ಹಾಕಿ. ಹಳೇ ಲಿಫ್ಟ್ ಯಾವಾಗ ಇಳಿಯುತ್ತದೆ ಅಂತ ಹೇಳೋಕಾಗಲ್ಲ.

ನಮ್ಮ ಗಾಡಿಯಲ್ಲಿ ಕೊನೆಗೆ ಸಿಕ್ಕಿದ್ದು ಏನು ಗೊತ್ತಾ? ಎಡದ ಬ್ರಾಕೆಟ್ ಬಲಕ್ಕೆ, ಬಲದ್ದು ಎಡಕ್ಕೆ, ಎರಡೂ ತಲೆಕೆಳಗು. ನೋಡೋಕೆ ಎರಡೂ ಒಂದೇ ಥರ, ಬೋಲ್ಟ್ ತೂತುಗಳೂ ಕೂಡುತ್ತವೆ, ಬಾರಿನ ತೂತು ಮಾತ್ರ ನಡುವಿನಲ್ಲಿ ಇಲ್ಲ, ಒಂದು ಕಡೆಗೆ ಇದೆ. ಅದಲು ಬದಲು ಮಾಡಿದೆವು. ಬಾರುಗಳನ್ನು ಮತ್ತೆ ಮೊದಲಿನ ಉದ್ದಕ್ಕೆ ಹೊಸದಾಗಿ ಮಾಡಿಸಿದೆವು. ಅಷ್ಟೇ, ಬಿಗಿಯುವುದು ನಿಂತಿತು. ಬಿಚ್ಚುವ ಮೊದಲು ಬಣ್ಣ ಸವೆದ ಜಾಗ ನೋಡಿದ್ದರೆ ಆಗಲೇ ತಿಳಿಯಬಹುದಿತ್ತು. ತೂತಿನ ಒಂದೇ ಬದಿ ಕನ್ನಡಿ ಹಾಗೆ ಹೊಳೆಯುತ್ತಿತ್ತು, ತೂತು ದುಂಡಗಿರದೆ ಕೋಳಿಮೊಟ್ಟೆ ಆಕಾರಕ್ಕೆ ಬಂದಿತ್ತು. ಅಂಥ ತೂತಿಗೆ ಹೊಸ ಪಿನ್ ಹಾಕಿ ಪ್ರಯೋಜನ ಇಲ್ಲ. ಲೇತ್‌ನಲ್ಲಿ ಬೋರ್ ಮಾಡಿಸಿ ಬುಶ್ (ತೂತಿನೊಳಗೆ ಕೂರುವ ಲೋಹದ ಬಳೆ) ಹಾಕಿಸಿ.

ಎಲ್ಲರದೂ ಇದೇ ಕಾರಣ ಅಂತ ಅಲ್ಲ. ನಮ್ಮ ಪಕ್ಕದ ಹೊಲದವರ ಗಾಡಿಯಲ್ಲಿ ಬ್ರಾಕೆಟ್ ಸರಿಯಾಗಿಯೇ ಇತ್ತು, ಆಕ್ಸಲ್‌ಗೆ ಹಿಡಿಸುವ ಬೋಲ್ಟ್ ಸಡಿಲಾಗಿ ಅದು ಓಲಾಡುತ್ತಿತ್ತು. ನಮ್ಮ ಮಾವನ ಗಾಡಿಯಲ್ಲಿ ಬಲದ ಲೋವರ್ ಲಿಂಕೇ ಬಾಗಿತ್ತು. ಬೇವಿನ ಬೇರಿಗೆ ಸಿಕ್ಕಿಕೊಂಡಾಗ ಬಾಗಿದ್ದಂತೆ. ಲಿಂಕ್ ಬಿಚ್ಚಿ ನೆಲದ ಮೇಲೆ ದಾರ ಹಿಡಿದು ನೋಡಿದರೆ ಗೊತ್ತಾಗುತ್ತದೆ, ಆದರೆ ಕೆಲವು ಲಿಂಕುಗಳಿಗೆ ಕಂಪನಿಯಿಂದಲೇ ಸ್ವಲ್ಪ ಬಾಗು ಇರುತ್ತದೆ, ಹಾಗಾಗಿ ಎಡ ಬಲ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಇನ್ನೊಂದು, ಕಲ್ಟಿವೇಟರಿಗೆ 22 ಮಿ.ಮೀ. ಪಿನ್ ಇದ್ದು ಲಿಂಕಿನ ಗುಂಡಿನ ತೂತು 28 ಮಿ.ಮೀ. ಇದ್ದರೆ 6 ಮಿ.ಮೀ. ಸಡಿಲ ಅಲ್ಲೇ ಇರುತ್ತದೆ. ಅದಕ್ಕೆ ಬುಶ್ ಸಿಗುತ್ತದೆ, ಹಾಕಿ. ಬಾರ್ ಎಷ್ಟು ಬಿಗಿ ಮಾಡಿದರೂ ಆ ಅಲುಗಾಟ ಹೋಗಲ್ಲ.

ಬ್ರಾಕೆಟ್ಟನ್ನು ಆಕ್ಸಲ್ ಹೌಸಿಂಗ್‌ಗೆ ವೆಲ್ಡ್ ಮಾಡಿಬಿಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಎರಕದ ಕಬ್ಬಿಣ, ಬಿಸಿಗೆ ಬಿರುಕು ಬಿಡುತ್ತದೆ. ಬಾರಿಗಿಂತ ಹೌಸಿಂಗ್ ಎಷ್ಟೋ ಪಟ್ಟು ದುಬಾರಿ.

ಎಲ್ಲ ಕೂತ ಮೇಲೆ ನಡು ಹೊಂದಿಸಿ. ಟೈರಿನಿಂದ ಅಳೆದರೆ ಮೋಸ ಹೋಗುತ್ತೀರಿ, ಎರಡು ಚಕ್ರದ ಸೆಟ್ಟಿಂಗ್ ಒಂದೇ ಇರುತ್ತದೆ ಅಂತ ಹೇಳಲಾಗದು. ಪಿಟಿಒ ಶಾಫ್ಟಿನ (ಎಂಜಿನ್ ಶಕ್ತಿಯನ್ನು ಉಪಕರಣಕ್ಕೆ ಕೊಡುವ ಹಿಂದಿನ ಶಾಫ್ಟ್) ನಡುವಿನಿಂದ ತೂಕದ ದಾರ ಬಿಟ್ಟು, ಅಲ್ಲಿಂದ ಎರಡೂ ಲಿಂಕಿನ ತುದಿಗೆ ಅಳೆಯಿರಿ.

ಬಾರ್ ಹಾಕಿದ ಮೇಲೆ ಲಿಂಕುಗಳು ಅತ್ತಿತ್ತ ಅಲುಗಾಡುವುದಿಲ್ಲ. ರೋಟವೇಟರಿಗೆ ಅದು ಬೇಕೇ ಬೇಕು, ಪಿಟಿಒ ಜೋಡಣೆ ಅತ್ತಿತ್ತ ಹೋಗಬಾರದು. ನೇಗಿಲಿಗೆ ಬೇಡ. ಎರಡೂ ಲಿಂಕು ಮುಂದಕ್ಕೆ ಕೂಡುವ ಹಾಗೆ ಓರೆಯಾಗಿ ಇಟ್ಟಿರುವುದೇ ನೇಗಿಲು ತಾನಾಗಿ ಗಾಡಿಯ ಹಿಂದೆ ಸರಿದು ಬರಲಿ ಅಂತ. ಹ್ಯಾರಿ ಫರ್ಗ್ಯೂಸನ್ ಕಾಲದಿಂದ ಬಂದ ವ್ಯವಸ್ಥೆ ಅದು. ನೇಗಿಲು ಹೂಡುವಾಗ ಬಾರ್ ಬಿಚ್ಚಿ ಚೈನ್ ಹಾಕಿ, ಚಕ್ರಕ್ಕೆ ತಾಗದಷ್ಟು ಸಡಿಲ ಬಿಡಿ. ಕಲ್ಟಿವೇಟರಿಗೂ ನಾವು ಚೈನನ್ನೇ ಹಾಕಿ ಎರಡೂ ಬದಿ ಒಂದೊಂದು ಇಂಚು ಬಿಡುತ್ತೇವೆ.

ಬಾರ್ ಇರುವಾಗ ಬದುವಿನ ಹತ್ತಿರ ಕುಳ ಮಣ್ಣಿನಲ್ಲಿ ಇರುವಾಗಲೇ ಗಾಡಿ ತಿರುಗಿಸಬೇಡಿ. ಪೂರ್ತಿ ಎತ್ತಿ ತಿರುಗಿಸಿ. ನಿಮ್ಮ ಎಡದ ಬಾರ್ ಹೀಗೂ ಬಾಗಿರಬಹುದು. ಮೊದಲು ಓಡಿಸುತ್ತಿದ್ದವರು ಯಾವ ಕಡೆ ತಿರುಗಿಸುತ್ತಿದ್ದರು ಅಂತ ಕೇಳಿ ನೋಡಿ.

ಇಳಿಸಿದಾಗ ಎಷ್ಟು, ಎತ್ತಿದಾಗ ಎಷ್ಟು, ಎರಡೂ ಬದಿಯ ಅಳತೆ ತೆಗೆದು ತಿಳಿಸಿ. ಜೊತೆಗೆ ಬ್ರಾಕೆಟ್ಟಿನ ಒಂದು ಫೋಟೋ, ಪಕ್ಕದಿಂದ ತೆಗೆದದ್ದು, ಲಿಂಕಿನ ಪಿನ್ ಕೂಡ ಕಾಣುವ ಹಾಗೆ. ಅದನ್ನು ನೋಡಿದರೆ ಬ್ರಾಕೆಟ್ ತಿರುಗಿಸಿದರೆ ಸಾಕಾ, ಹೊಸದು ಬೇಕಾ ಅಂತ ಹೇಳಬಹುದು. ಅಲ್ಲಿವರೆಗೆ ಬಾರ್ ಬಿಚ್ಚಿಟ್ಟು ಹಳೇ ಚೈನ್ ಇದ್ದರೆ ಹಾಕಿಕೊಂಡು ಕೆಲಸ ಮಾಡಿ.