5 ನಿಮಿಷ ಲೇಟಾದ್ರೆ ಅರ್ಧ ದಿನ ಕಟ್, ಇದ್ರಿಂದ ಕೆಲ್ಸ ಜಾಸ್ತಿ ಆಗುತ್ತಾ?

ತುಮಕೂರು_ಲೈನ್: ವಸಂತನರಸಾಪುರದ ಒಂದು ಯೂನಿಟ್‌ನಲ್ಲಿ ಸೂಪರ್‌ವೈಸರ್ ಆಗಿದೀನಿ. ಹೊಸ ರೂಲ್ ತಂದಿದಾರೆ, ಪಂಚಿಂಗ್ 5 ನಿಮಿಷ ಲೇಟಾದ್ರೂ ಅರ್ಧ ದಿನ ಕಟ್, ಕೊರಟಗೆರೆ ಕಡೆಯಿಂದ ಬರೋ ಹುಡುಗ್ರು ಬಸ್ ತಪ್ಪಿದ್ರೆ ಗೇಟ್ ತನಕ ಬಂದು ವಾಪಸ್ ಹೋಗ್ತಾರೆ, ಹೆಂಗೂ ಸಂಬ್ಳ ಹೋಯ್ತಲ್ಲ ಅಂತ. ಅವತ್ತು ಮೆಷಿನ್ ಖಾಲಿ, ಇರೋರ ಮೇಲೆ ಲೋಡು, ರಿಜೆಕ್ಷನ್ (ಸರಿ ಇಲ್ಲ ಅಂತ ತೆಗೆದಿಡೋ ಪೀಸು) ಜಾಸ್ತಿ. ಶಿಸ್ತು ಬೇಡ ಅಂತಿಲ್ಲ ನಾನು, ಮ್ಯಾನೇಜ್‌ಮೆಂಟ್‌ಗೆ ಹೆಂಗೆ ಹೇಳೋದು?

ಮಾಲೂರು_ಎಚ್ಆರ್: ಮೊದ್ಲು ಕಾನೂನು ತೋರ್ಸಿ. 1936ರ ಹಳೇ ವೇತನ ಪಾವತಿ ಕಾಯ್ದೆ ಇರ್ಲಿ ಈಗಿರೋ 2019ರ ವೇತನ ಸಂಹಿತೆ ಇರ್ಲಿ, ಒಬ್ಬ ಲೇಟಾಗಿ ಬಂದ್ರೆ ಎಷ್ಟು ಹೊತ್ತು ಗೈರೋ ಅಷ್ಟಕ್ಕೆ ಮಾತ್ರ ಹಿಡೀಬಹುದು, ದಂಡ ಅಂತ ಹಾಕಿದ್ರೂ ಆ ವೇತನ ಅವಧಿಯ (ತಿಂಗಳ ಸಂಬಳ ಆದ್ರೆ ಆ ತಿಂಗಳ) ಸಂಬಳದ 3% ದಾಟಂಗಿಲ್ಲ, ಅದೂ ಅವ್ನ ಮಾತು ಕೇಳಿದ್ಮೇಲೆ.

ನರಸಾಪುರ_ಕ್ವಾಲಿಟಿ: ಜಪಾನಿನ ಫೈವ್ ಎಸ್ ನೋಡಿ ಸಾರ್, ಕೆಲ್ಸದ ಜಾಗ ಅಚ್ಚುಕಟ್ಟಾಗಿಡೋ 5 ಹೆಜ್ಜೆ ಪದ್ಧತಿ. ಬೇಡದ್ದು ತೆಗಿ, ಜೋಡ್ಸು, ಕ್ಲೀನ್ ಮಾಡು, ಎಲ್ಲಾ ಕಡೆ ಒಂದೇ ಪದ್ಧತಿ ಮಾಡು, ಇಷ್ಟಾದ್ಮೇಲೆ 5ನೇದು ಶಿತ್ಸುಕೆ, ಅಂದ್ರೆ ಶಿಸ್ತು. ನಾವು ಅದನ್ನ ಮೊದ್ಲು ಇಟ್ಕೊಂಡು ಒದ್ದಾಡ್ತೀವಿ. ನಮ್ಮಲ್ಲಿ ಅಳತೆ ನೋಡೋ ಗೇಜ್‌ಗಳಿಗೆ ಬೋರ್ಡ್ ಮೇಲೆ ಜಾಗ ಬರೆದಿಟ್ವಿ, ಹುಡುಕಾಟ ನಿಂತೋಯ್ತು, ಯಾರಿಗೂ ಬೈಯ್ಲಿಲ್ಲ. ಆದ್ರೆ ಸೇಫ್ಟಿ ವಿಷ್ಯದಲ್ಲಿ ಮಾತ್ರ ಸಡಿಲ ಬಿಡ್ಬೇಡಿ, ಪ್ರೆಸ್ ಮೆಷಿನ್ ಗಾರ್ಡ್ ತೆಗ್ದು ಓಡ್ಸೋನ್ನ ಅಲ್ಲೇ ನಿಲ್ಸಿ, ಬೆರಳು ಹೋದ್ರೆ ವಾಪಸ್ ಬರಲ್ಲ.

ತುಮಕೂರು_ಲೈನ್: ಥ್ಯಾಂಕ್ಸ್. ಒಂದು ತಿಂಗಳ ಲೇಟ್ ಪಂಚಿಂಗು, ರಿಜೆಕ್ಷನ್ನು ಎರಡೂ ಪಕ್ಕಪಕ್ಕ ಬರ್ಕೊಂಡು ಹೋಗ್ತೀನಿ, ಶಿಫ್ಟ್ ಟೈಮ್ 15 ನಿಮಿಷ ಮುಂದಕ್ಕೆ ಹಾಕಿ ಅಂತಾನೂ ಕೇಳ್ತೀನಿ.