ಹಿರಿಯರ ಮೊಬಿಲಿಟಿ ಸ್ಕೂಟರ್: ಎಫ್‌ಡಿಎ ನೋಂದಣಿಯಷ್ಟೇ ಸಾಕೇ?

ಪ್ರಶ್ನೆ:
ನ್ಯೂಜೆರ್ಸಿಯಲ್ಲಿ ನಮ್ಮೊಂದಿಗಿರುವ ತಾಯಿಯವರಿಗೆ ಮೊಣಕಾಲು ನೋವಿನಿಂದ ಹೆಚ್ಚು ದೂರ ನಡೆಯಲಾಗದ ಕಾರಣ, ಬ್ಯಾಟರಿಚಾಲಿತ ಮೊಬಿಲಿಟಿ ಸ್ಕೂಟರ್ ಕೊಳ್ಳಬೇಕೆಂದಿದ್ದೇವೆ. ತಮ್ಮ ಸಂಸ್ಥೆ ಎಫ್‌ಡಿಎಯಲ್ಲಿ (ವೈದ್ಯಕೀಯ ಸಾಧನಗಳನ್ನೂ ನಿಯಂತ್ರಿಸುವ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ) ನೋಂದಾಯಿತವಾಗಿದೆ ಎಂದು ಮಾರಾಟಗಾರರು ಹೇಳುತ್ತಾರೆ. ಇದನ್ನು ಸುರಕ್ಷತೆಯ ಖಾತರಿ ಎಂದು ನಂಬಬಹುದೇ?

ಉತ್ತರ 1:
ದಯವಿಟ್ಟು ಅಷ್ಟಕ್ಕೇ ನಂಬಬೇಡಿ. ನೋಂದಣಿಯು ತಯಾರಕರ ದಾಖಲಾತಿ ಮಾತ್ರ. ಅಮೆರಿಕದಲ್ಲಿ ಇಂತಹ ಸ್ಕೂಟರ್ ಎರಡನೇ ವರ್ಗದ (ಮಧ್ಯಮ ಅಪಾಯದ) ವೈದ್ಯಕೀಯ ಸಾಧನವಾದ್ದರಿಂದ, ಈಗಾಗಲೇ ಮಾರುಕಟ್ಟೆಯಲ್ಲಿರುವ ಕಾನೂನುಬದ್ಧ ಸಾಧನಕ್ಕೆ ಅದು ಸುರಕ್ಷತೆಯಲ್ಲಿಯೂ ಕಾರ್ಯಕ್ಷಮತೆಯಲ್ಲಿಯೂ ಸರಿಸಮವೆಂದು ತೋರಿಸಿ 510(ಕೆ) ಎಂಬ ಮಾರಾಟಪೂರ್ವ ಅನುಮತಿ ಪಡೆಯಬೇಕು. ಎಫ್‌ಡಿಎ ತಾನೇ ವಾಹನವನ್ನು ಓಡಿಸಿ ನೋಡುವುದಿಲ್ಲ. ತಯಾರಕರು ಸಲ್ಲಿಸಿದ ಪರೀಕ್ಷಾ ವರದಿಗಳನ್ನು ಪರಿಶೀಲಿಸುತ್ತದೆ. ‘ಕೆ’ ಅಕ್ಷರದಿಂದ ಆರಂಭವಾಗುವ ಅನುಮತಿ ಸಂಖ್ಯೆಯನ್ನು ಕೇಳಿ ಪಡೆದು, ಎಫ್‌ಡಿಎ ಜಾಲತಾಣದಲ್ಲಿ ಅದೇ ಮಾದರಿಗೆ ಸೇರಿದೆಯೇ ಎಂದು ನೋಡಿ.

ಉತ್ತರ 2:
ಆ ವರದಿಗಳ ಆಧಾರ ಮುಖ್ಯವಾಗಿ ಐಎಸ್‌ಒ 7176 ಸರಣಿ, ಅಂದರೆ ಗಾಲಿಕುರ್ಚಿ ಮತ್ತು ಇಂತಹ ಸ್ಕೂಟರ್‌ಗಳ ಪರೀಕ್ಷೆಗೆಂದು ಇರುವ ಅಂತರರಾಷ್ಟ್ರೀಯ ಮಾನದಂಡಗಳು. ಅದರ 1 ಮತ್ತು 2ನೇ ಭಾಗಗಳು ಇಳಿಜಾರಿನಲ್ಲಿ ವಾಹನ ಮಗುಚುತ್ತದೆಯೇ ಎಂಬುದನ್ನೂ, 3ನೇ ಭಾಗ ಬ್ರೇಕನ್ನೂ, 21ನೇ ಭಾಗ ವಿದ್ಯುತ್ಕಾಂತೀಯ ಅಡಚಣೆಯನ್ನೂ (ವಾಹನಕ್ಕೂ ಇತರ ವಿದ್ಯುನ್ಮಾನ ಉಪಕರಣಗಳಿಗೂ ನಡುವಿನ ಅಡ್ಡಿ) ಅಳೆಯುತ್ತವೆ. ನನ್ನ ದೃಷ್ಟಿಯಲ್ಲಿ ಅತ್ಯಂತ ಕಠಿಣವಾದುದು 8ನೇ ಭಾಗ: ತೂಕದ ಬೊಂಬೆಯನ್ನು ಕೂರಿಸಿ, ಉಬ್ಬುಪಟ್ಟಿಗಳಿರುವ ಉರುಳೆಗಳ ಮೇಲೆ 2,00,000 ಸುತ್ತು ಓಡಿಸಿ, ಬಳಿಕ 50 ಮಿಲಿಮೀಟರ್ ಎತ್ತರದಿಂದ 6,666 ಬಾರಿ ಬೀಳಿಸಿದರೂ ಚೌಕಟ್ಟು ಮುರಿಯಬಾರದು.

ಮೂರು ಚಕ್ರದ ಮಾದರಿ ಕಿರಿದಾದ ಜಾಗದಲ್ಲಿ ಸುಲಭವಾಗಿ ತಿರುಗುತ್ತದೆ, ಆದರೆ ವೇಗದ ತಿರುವಿನಲ್ಲಿ ಪಕ್ಕಕ್ಕೆ ಮಗುಚುವ ಅಪಾಯ ಹೆಚ್ಚು. ವಯಸ್ಸಾದವರಿಗೆ ನಾಲ್ಕು ಚಕ್ರದ್ದೇ ಒಳ್ಳೆಯದು.

ಉತ್ತರ 3:
ಲಿಥಿಯಂ ಬ್ಯಾಟರಿಯಾದರೆ ಯುಎನ್ 38.3 ಪರೀಕ್ಷಾ ವರದಿಯನ್ನೂ (ಬ್ಯಾಟರಿ ಸಾಗಣೆಯ ಸುರಕ್ಷತೆಗೆಂದು ವಿಶ್ವಸಂಸ್ಥೆ ಗೊತ್ತುಪಡಿಸಿದ ಪರೀಕ್ಷೆ) ಕೇಳಿ. ಊರಿಗೆ ವಿಮಾನದಲ್ಲಿ ಒಯ್ಯುವಾಗ, ಕಳಚಿ ತೆಗೆಯುವ ಬ್ಯಾಟರಿ 300 ವ್ಯಾಟ್-ಗಂಟೆಯನ್ನು ಮೀರಬಾರದು. ವಿಮಾನ ಸಂಸ್ಥೆಗೆ ಮುಂಚಿತವಾಗಿಯೇ ತಿಳಿಸಿರಬೇಕು.